ಎಂಜಲು

ಅಂಬವ್ವ ಕಾಟವಾ, ಗುಳೇದಗುಡ್ಡ,
ಐವತ್ತೆಂಟು, ಖಣ ನೇಯುವ ಕೆಲಸ.
ಹುಬ್ಬಳ್ಳಿಯ ಕಾಗದದಲ್ಲಿ ರೇಡಿಯೇಶನ್ ಎಂದಿದೆ,
ಎಡಗೆನ್ನೆ, ಮೂವತ್ಮೂರು ದಿನ.
ಅವಳ ಮಾತಿನಲ್ಲಿ ಅದು ಕರೆಂಟು:
"ಕರೆಂಟ್ ಕೊಡಿಸಿಕೊಂಡ ಹದಿನಾಕ ತಿಂಗಳಾತ್ರಿ.
ಬ್ಯಾನಿ ಹೋತು. ಈಗ ಹಲ್ಲ ಹೊಂಟಾವು."

ಬಾಯಿ ತೆರೆಸಿದೆ.
ಮೂರು ಬೆರಳು ಹಿಡಿಯಬೇಕಾದಲ್ಲಿ ಒಂದೂವರೆ.
ಒಳಗಿಟ್ಟ ಕನ್ನಡಿ ಗಲ್ಲಕ್ಕೆ ಅಂಟಿತು,
ಬಿಡಿಸುವಾಗ ಚಟ್ಟೆಂದು ಸಣ್ಣ ಸಪ್ಪಳ.
ಹಲ್ಲಿನ ಕೊರಳಿಗೆಲ್ಲ ಕಂದು ದಾರ ಬಿಗಿದ ಹಾಗೆ ಹುಳುಕು,
ಕೆಳಗಿನ ಮುಂದಿನ ಸಾಲಿನಲ್ಲೂ,
ಸಾಮಾನ್ಯವಾಗಿ ಯಾರಿಗೂ ಹುಳುಕದ ಜಾಗ ಅದು.
ಎರಡು ಒಸಡಿನ ಮಟ್ಟಕ್ಕೆ ಮುರಿದಿವೆ.
ನೋವೇನೂ ಇಲ್ಲ ಅಂದಳು.
ನನಗೆ ಅಂಜಿಕೆಯಾದದ್ದು ಆಗ.

"ಬಾಯಿ ಆರತೈತಿ ಅಂತ ಮೊಮ್ಮಗ ಪೆಪ್ಪರಮಿಂಟ್ ತಂದ ಕೊಡತಾನ.
ದಿನಾ ಹತ್ತ ಚೀಪತೀನಿ."
ಬೈದೆ. ಬೈದ ಮೇಲೆ ಯಾಕೆ ಬೈದೆ ಅನ್ನಿಸಿತು.

ಎಂಜಲು, ಎಂಜಲು ಎಂದು
ನಮ್ಮಜ್ಜಿ ದಿನಕ್ಕೆ ಎಷ್ಟು ಸಲ ಕೈ ತೊಳೆಸುತ್ತಿದ್ದಳೋ.
ಕಚ್ಚಿದ ಪೇರಲ ತಮ್ಮನಿಗೆ ಕೊಟ್ಟರೆ ಏಟು.
(ಆ ಬಚ್ಚಲು ಈಗ ಹಿನ್ನೀರಿನ ತಳದಲ್ಲಿದೆ,
ಹಳೇ ಬಾಗಲಕೋಟೆಯ ಅರ್ಧದ ಜೊತೆ.)
ಕಾಲೇಜಿಗೆ ಬಂದ ಮೇಲೆ ತಿಳಿಯಿತು,
ಎಂಜಲಲ್ಲಿ ಸುಣ್ಣವಿದೆ,
ತಿಂದಾಗೊಮ್ಮೆ ಸವೆದ ಹಲ್ಲಿಗೆ
ಕೂಲಿ ಕೇಳದೆ ಗಿಲಾಯಿ ಬಳಿಯುವ ಗೌಂಡಿ ಅದು.
ಅಂಬವ್ವ ಮೂವತ್ತು ವರ್ಷ
ಅದೇ ಎಡಗೆನ್ನೆಯಲ್ಲಿ
ಬೇರೆ ಸುಣ್ಣವನ್ನು ತಂಬಾಕಿನ ಜೊತೆ ಇಟ್ಟುಕೊಂಡಿದ್ದಳು.

"ಎಲ್ಲಾ ಕಿತ್ತ ಒಗೀರಿ ಯವ್ವಾ. ಒಂದ ಸೆಟ್ ಕಟ್ಟಿಬಿಡ್ರಿ."
ಕೀಳುವಂತಿಲ್ಲ.
ಕರೆಂಟು ಹಾಯ್ದ ಎಲುಬಿಗೆ ಮಾಯುವುದು ಮರೆತಿರುತ್ತದೆ.
ಎಲ್ಲೋ ಹಲ್ಲು ಕೀಳಿಸಿಕೊಂಡು ಬಂದಿದ್ದ
ಮುದ್ದೇಬಿಹಾಳದ ಪೇಂಟರನ ದವಡೆ
ಚೂರು ಚೂರಾಗಿ ಟ್ರೇಗೆ ಬಿದ್ದದ್ದನ್ನು
ಇವಳಿಗೆ ಹೇಳಲಿಲ್ಲ.
"ಬೇರು ಅಲ್ಲೇ ಇರಲಿ. ನರ ತಗದು,
ಮ್ಯಾಲಿನ ಮೊಂಡ ಸವರಿ ಮುಚ್ಚತೀನಿ" ಅಂದೆ.
ಸ್ವಲ್ಪ ಹೊತ್ತು ಸುಮ್ಮನಿದ್ದು,
"ಹಳೇ ಹಾಸಿನ ತುದಿ ಬಿಟ್ಟ,
ಅದಕ್ಕ ಹೊಸಾ ಎಳಿ ಹೊಸೀತೀವಲ್ಲ, ಹಂಗೇನ್ರಿ?"
ಹಾಗೇ, ಅಂದೆ. ಪೂರಾ ಹಾಗಲ್ಲ.

ಏಳು ಮಂಗಳವಾರ ಬಂದಳು.
ಹುಳುಕು ಕೆರೆದೆ, ಸಿಮೆಂಟು ತುಂಬಿದೆ,
ಅರ್ಧ ಗಂಟೆ ತೆರೆದರೆ ದವಡೆ ನಡುಗುತ್ತಿತ್ತು,
ನಡುವೆ ನಡುವೆ ನೀರು ಗುಟುಕರಿಸುತ್ತಿದ್ದಳು.
ಮೇಲಿನ ಎರಡು ಮುಂಬಲ್ಲಿನ ಅಂಚಿನಲ್ಲಿ ಒಂದು ಗೀರಿತ್ತು,
ನಲವತ್ತು ವರ್ಷ ರೇಶ್ಮೆ ಕಡಿದು ಬಿದ್ದ ಸಂದು.
ಅದನ್ನೂ ತುಂಬಿ ನುಣ್ಣಗೆ ಮಾಡಿದೆ.
ಇನ್ನು ಮೇಲೆ ಹಲ್ಲಿನಿಂದ ದಾರ ಕಡಿಯಬೇಡ ಅಂದೆ.
ನಾಲಗೆಯಿಂದ ಆ ಜಾಗ ಹುಡುಕಿದಳು,
ಸಿಗಲಿಲ್ಲವೆಂದು ಮುಖದಲ್ಲೇ ಗೊತ್ತಾಯಿತು.

ಅಚ್ಚು ತೆಗೆದು ಟ್ರೇ ಮಾಡಿಸಿಕೊಟ್ಟೆ.
ರಾತ್ರಿ ಫ್ಲೋರೈಡ್ ಜೆಲ್ ಹಾಕಿ ಐದು ನಿಮಿಷ ಕಚ್ಚಿಕೊಂಡಿರಬೇಕು.
"ಎಷ್ಟ ದಿವಸ್ರಿ?"
ಇರೋ ತನಕ.
"ಹಂಗಾರ ಇದೂ ಒಂದ ತಾಳಿ ಆತ ಬಿಡ್ರಿ."
ನಗಲು ಬಾಯಿ ಅಷ್ಟು ತೆರೆಯದು,
ಹೆಗಲು ಕುಣಿದವು.

ಮೊನ್ನೆ ತಪಾಸಣೆಗೆ ಬಂದಾಗ
ನನ್ನ ಕೋಟಿನ ಗುಂಡಿ ಜೋತಾಡುತ್ತಿತ್ತು.
ಜಂಪರಿನ ಅಂಚಿಗೆ ಚುಚ್ಚಿಕೊಂಡಿದ್ದ ಸೂಜಿ ಕಿತ್ತು,
ಚೀಲದಿಂದ ಬಿಳಿ ದಾರ ತೆಗೆದು
ತುದಿಯನ್ನು ನಾಲಗೆಗೆ ಒತ್ತಿದಳು.
ಒಣಗಿದ್ದು ಒಣಗಿದಂತೆಯೇ ಹೊರಬಂತು,
ಎಳೆ ಎರಡಾಗಿ ಸೀಳಿ ಸೂಜಿಕಣ್ಣಿಗೆ ಹೋಗದು.
ಇನ್ನೊಮ್ಮೆ ಒತ್ತಿದಳು.
ಆಮೇಲೆ ನನ್ನ ಕಡೆ ಚಾಚಿ,
"ನಿಮ್ಮ ಉಗುಳ ಹಚ್ಚಿ ಕೊಡ್ರಿ."

ಮಾಸ್ಕ್ ಕೆಳಗೆಳೆದು ಹಚ್ಚಿಕೊಟ್ಟೆ.
ಒಂದೇ ಸಲಕ್ಕೆ ಪೋಣಿಸಿ, ನಾಲ್ಕು ಹೊಲಿಗೆ ಹಾಕಿ, ಗಂಟಿಟ್ಟು
ಬಗ್ಗಿ ಎಳೆಯನ್ನು ಹಲ್ಲಿಗೆ ಒಯ್ದವಳು
ಅಲ್ಲೇ ನಿಂತಳು,
ನನ್ನ ಎದೆಗೆ ಒಂದು ಗೇಣು ದೂರದಲ್ಲಿ.

ನಾನು ಟ್ರೇಯಲ್ಲಿ
ಕತ್ತರಿ ತಡಕಾಡುತ್ತಿದ್ದೆ.